ಹುಣ್ಣಿಮೆ ರಾತ್ರಿ ಕಡಲ ದಂಡೆಯಲ್ಲಿ ಟೆಂಟ್ ಹಾಕಬಹುದಾ?

ಪ್ರಶ್ನೆ: ನಾವು ದಾವಣಗೆರೆಯವರು. ಎರಡು ಕುಟುಂಬ, ದೊಡ್ಡವರು ನಾಲ್ವರು, 7 ಮತ್ತು 11 ವರ್ಷದ ಇಬ್ಬರು ಮಕ್ಕಳು. ಗೋಕರ್ಣ, ಮುರುಡೇಶ್ವರದ ಗದ್ದಲ ಬೇಡ. ಉತ್ತರ ಕನ್ನಡದ ಯಾವುದಾದರೂ ಸಣ್ಣ ಮೀನುಗಾರರ ಊರಿಗೆ ಹೋಗಿ, ಜನವರಿ ಹುಣ್ಣಿಮೆಗೆ ದಂಡೆಯಲ್ಲೇ ಟೆಂಟ್ ಹಾಕಿ ಎರಡು ರಾತ್ರಿ ಇರಬೇಕು ಅಂತ ಆಸೆ. ದೊಡ್ಡವರಿಗೆಲ್ಲ ಈಜು ಬರುತ್ತದೆ. ಯಾರನ್ನು ಕೇಳಬೇಕು, ಏನು ಒಯ್ಯಬೇಕು? ಅಲ್ಲಿನವರು ಬೇಡ ಅಂದರೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು ಹುಣ್ಣಿಮೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಹರಿಹರದಲ್ಲಿ ಹೊಳೆ ನೋಡುತ್ತಾ ಬೆಳೆದವನು. ಇಪ್ಪತ್ತು ವರ್ಷದಿಂದ ಈ ಕಡೆಯ ಕುಟುಂಬಗಳನ್ನು, ಶಾಲೆ ಮಕ್ಕಳನ್ನು ಕರಾವಳಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮೊದಲ ಸಲ ಹೋದಾಗ ನಾವು ಐದು ಜನ ಗೆಳೆಯರು. ನಿಮ್ಮ ಹಾಗೇ ಬೆಳದಿಂಗಳು ಬೇಕು ಅಂತ ಹುಣ್ಣಿಮೆಯನ್ನೇ ಹಿಡಿದಿದ್ದೆವು. ಕುಮಟಾ ದಾಟಿ ಒಂದು ಸಣ್ಣ ಊರು ತಲುಪಿದಾಗ ಸಂಜೆ ಐದೂವರೆ. ಎದುರಿಗೆ ಮೈದಾನದ ಹಾಗೆ ಹರಡಿದ ಗಟ್ಟಿ ಮರಳು. ನೀರು ಎಲ್ಲೋ ದೂರದಲ್ಲಿತ್ತು. ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ ಅಂತ ಅಲ್ಲೇ ಗೂಟ ಹೊಡೆದೆವು. ರಾತ್ರಿ ಹನ್ನೊಂದರ ಹೊತ್ತಿಗೆ ಯಾರೋ ಟೆಂಟಿನ ಬಟ್ಟೆ ಹಿಡಿದು ಜಗ್ಗುತ್ತಿದ್ದರು. ಹೊರಗೆ ಬಂದರೆ ಬ್ಯಾಟರಿ ಹಿಡಿದ ಒಬ್ಬ ಅಜ್ಜ. "ಏಳ್ರಾ ತಮಾ, ನೀರ್ ಬಂತು! ಇಲ್ಲಿ ಮಲಗೂದಾ?" ಅಂದರು. ಕಾಲ ಕೆಳಗಿನ ಮರಳು ಆಗಲೇ ಒದ್ದೆ. ಬಿಟ್ಟಿದ್ದ ಚಪ್ಪಲಿ ಇರಲಿಲ್ಲ. ಟೆಂಟನ್ನು ಹಾಗೇ ನಾಲ್ಕು ಮೂಲೆ ಹಿಡಿದು ಮೇಲಕ್ಕೆ ಎಳೆದುಕೊಂಡು ಹೋದೆವು. ಹತ್ತು ನಿಮಿಷಕ್ಕೆ ನಾವು ಮಲಗಿದ್ದ ಜಾಗದ ಮೇಲೆ ಅಲೆ ಓಡಾಡುತ್ತಿತ್ತು.

ಇದು ನಮ್ಮ ದುರದೃಷ್ಟ ಅಲ್ಲ, ಲೆಕ್ಕ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನಾ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಏರಿಕೆ ಇಳಿಕೆ ಎರಡೂ ಜಾಸ್ತಿ. ಉತ್ತರ ಕನ್ನಡದ ಕಡೆ ಆ ದಿನಗಳಲ್ಲಿ ಹೆಚ್ಚುಕಡಿಮೆ ಸಂಜೆ ಹೊತ್ತಿಗೆ ನೀರು ತೀರಾ ಇಳಿದಿರುತ್ತದೆ, ನಡುರಾತ್ರಿ ಹೊತ್ತಿಗೆ ತೀರಾ ಏರಿರುತ್ತದೆ. ಒಳನಾಡಿನಿಂದ ಹೋದವರು ತಲುಪುವುದು ಸಂಜೆಗೆ. ಕಾಣುವುದು ಅಗಲವಾದ ದಂಡೆ. ನಿದ್ದೆ ಹತ್ತುವ ಹೊತ್ತಿಗೆ ನೀರು ಬರುತ್ತದೆ. ಬೆಳದಿಂಗಳಿಗೆ ಅಂತ ಹೋದವರಿಗೇ ಈ ಮೋಸ ಆಗುವುದು.

ಅದಕ್ಕೆ ನನ್ನ ಸಲಹೆ, ಹುಣ್ಣಿಮೆ ಬಿಟ್ಟು ಶುಕ್ಲ ಅಷ್ಟಮಿ, ನವಮಿ, ದಶಮಿಯ ಕಡೆ ದಿನ ನೋಡಿ. ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲೇ ತಿಥಿ ಇರುತ್ತದಲ್ವಾ. ಆ ದಿನಗಳಲ್ಲಿ ಉಬ್ಬರ ಇಳಿತದ ಅಂತರ ಕಡಿಮೆ. ಚಂದ್ರ ಇಲ್ಲ ಅಂತ ಬೇಜಾರು ಬೇಡ. ಅಷ್ಟಮಿಯ ದಿನ ಕತ್ತಲಾಗುವಾಗ ಅರ್ಧ ಚಂದ್ರ ನೆತ್ತಿ ಮೇಲಿರುತ್ತಾನೆ. ಮಕ್ಕಳು ಊಟ ಮಾಡಿ ಆಡುವಷ್ಟು ಬೆಳಕಿರುತ್ತದೆ. ನಡುರಾತ್ರಿ ಹೊತ್ತಿಗೆ ನಿಮ್ಮ ಎದುರಿಗೇ ಕಡಲೊಳಗೆ ಮುಳುಗುತ್ತಾನೆ, ಆಮೇಲೆ ಬರೀ ನಕ್ಷತ್ರ. ನನಗಂತೂ ಹುಣ್ಣಿಮೆಗಿಂತ ಇದೇ ಇಷ್ಟ.

ಯಾವ ತಿಥಿಗೆ ಹೋದರೂ ಟೆಂಟ್ ಎಲ್ಲಿ ಅನ್ನುವುದಕ್ಕೆ ದಂಡೆಯೇ ಗುರುತು ಹಾಕಿಟ್ಟಿರುತ್ತದೆ. ಒಣಗಿದ ಕಡ್ಡಿ, ತೆಂಗಿನ ಸಿಪ್ಪೆ, ಚಿಪ್ಪು, ಪ್ಲಾಸ್ಟಿಕ್ ಸೇರಿ ಒಂದು ಗೆರೆ ಇರುತ್ತದೆ, ನೋಡಿ. ಈಚೆಗೆ ನೀರು ಬಂದು ನಿಂತ ಜಾಗ ಅದು. ಎರಡು ಮೂರು ಗೆರೆ ಇದ್ದರೆ ತೀರಾ ಮೇಲಿನದನ್ನು ಲೆಕ್ಕಕ್ಕೆ ತಗೊಳ್ಳಿ. ಅದನ್ನೂ ದಾಟಿ, ಮರಳಿನ ಮೇಲೆ ಹಸಿರು ಬಳ್ಳಿ ಹಬ್ಬಿದ ಜಾಗದಿಂದ ಆಚೆಗೆ ಹೋಗಿ. ಆದರೆ ತೆಂಗಿನ ಮರದ ಬುಡದಲ್ಲಿ ಮಾತ್ರ ಬೇಡ. ರಾತ್ರಿ ಒಂದು ಕಾಯಿ ಬಿದ್ದರೆ ಟೆಂಟಿನ ಬಟ್ಟೆ ಏನೂ ತಡೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಜಾಗವನ್ನು ಕೊನೆಗೆ ತೋರಿಸಬೇಕಾದವರು ಆ ಊರಿನವರೇ. ನಿಮ್ಮ ಪ್ರಶ್ನೆಯ ಕೊನೆಯ ಸಾಲು, ಅವರು ಬೇಡ ಅಂದರೆ ಏನು ಅನ್ನುವುದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು.

ನಮ್ಮ ಕಡೆ ಸುಗ್ಗಿಯಲ್ಲಿ ಕಣ ಮಾಡುತ್ತೇವಲ್ಲ, ಅದನ್ನು ನೆನಪಿಸಿಕೊಳ್ಳಿ. ನೆಲ ಗಟ್ಟಿ ಮಾಡಿ, ಸಗಣಿ ಸಾರಿಸಿ, ರಾಶಿ ಹಾಕುತ್ತೇವೆ. ನೋಡುವವರಿಗೆ ಬರೀ ಬಯಲು. ಆದರೆ ಚಪ್ಪಲಿ ಹಾಕಿಕೊಂಡು ಕಣ ತುಳಿದರೆ ನಮ್ಮ ಹಿರಿಯರು ಸುಮ್ನೆ ಇರುತ್ತಿದ್ದರಾ? ಮೀನುಗಾರರಿಗೆ ದಂಡೆ ಅಂದರೆ ಅದೇ ಕಣ. ಖಾಲಿ ಕಾಣುವ ಆ ಮರಳಿನಲ್ಲಿ ಬೆಳಗಿನ ಜಾವ ದೋಣಿ ಎಳೆದು ತರುವ ದಾರಿ ಇರುತ್ತದೆ. ಬಲೆ ಹರಡಿ ಹೊಲಿಯುವ ಜಾಗ ಇರುತ್ತದೆ. ಹೆಂಗಸರು ತಾರ್ಲೆ ಮೀನು ಒಣಗಿಸುವ ಜಾಗ ಇರುತ್ತದೆ. ನೀವು ಅಲ್ಲಿ ಟೆಂಟ್ ಹಾಕಿದರೆ ಆ ದಿನ ಅವರ ಕೆಲಸ ಕೆಡುತ್ತದೆ. ಬಲೆಯನ್ನು ಚಪ್ಪಲಿ ಕಾಲಲ್ಲಿ ಮೆಟ್ಟಬೇಡಿ, ದಾಟಬೇಡಿ, ಸುತ್ತಿ ಹೋಗಿ. ದೋಣಿಯ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವುದೂ ಬೇಡ, ಅದಕ್ಕೆ ಪೂಜೆ ಮಾಡುತ್ತಾರೆ. ಮಕ್ಕಳಿಗೆ ಇದನ್ನು ಕಾರಿನಲ್ಲೇ ಹೇಳಿ. ಕಣದ ಮಾತು ಹೇಳಿದರೆ ನಮ್ಮ ಮಕ್ಕಳಿಗೆ ಬೇಗ ಅರ್ಥ ಆಗುತ್ತದೆ.

ಹಾಗಾಗಿ ಊರಿಗೆ ಹೋಗುವುದು ಮಧ್ಯಾಹ್ನ ಮೂರರ ಒಳಗೆ ಇರಲಿ. ಗಾಡಿ ರಸ್ತೆ ಪಕ್ಕ ಬಿಟ್ಟು ನಡೆದು ಹೋಗಿ. ಬಲೆ ಹೊಲಿಯುತ್ತಾ ಕೂತ ಹಿರಿಯರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಹರಿಕಂತ್ರ, ಖಾರ್ವಿ, ಅಂಬಿಗ, ಮೊಗೇರ, ಹೀಗೆ ಬೇರೆ ಬೇರೆ ಸಮುದಾಯದ ಊರುಗಳಿವೆ. ಎಲ್ಲ ಕಡೆ ಹಿರಿಯರ ಮಾತಿಗೆ ಬೆಲೆ ಇದೆ. "ದಾವಣಗೆರೆಯಿಂದ ಬಂದಿದ್ದೇವೆ ಅಜ್ಜಾ, ಮಕ್ಕಳಿದ್ದಾರೆ, ಎರಡು ರಾತ್ರಿ ಇರಬೇಕು, ಎಲ್ಲಿ ಟೆಂಟ್ ಹಾಕಿದರೆ ನಿಮಗೆ ತೊಂದರೆ ಆಗಲ್ಲ?" ಅಂತ ಕೇಳಿ. "ಹಾಕಬಹುದಾ" ಅಂತ ಕೇಳಿದರೆ ಹೌದು ಅಥವಾ ಇಲ್ಲ ಅಂದು ಮುಗಿಸುತ್ತಾರೆ. "ಎಲ್ಲಿ" ಅಂತ ಕೇಳಿದರೆ ಎದ್ದು ಬಂದು ಜಾಗ ತೋರಿಸುತ್ತಾರೆ. ಬೇಡ ಅಂದರೆ ವಾದ ಮಾಡಬೇಡಿ, ಮುಂದಿನ ಊರಿಗೆ ಹೋಗಿ. ಕುಡಿದು ಗಲಾಟೆ ಮಾಡಿ, ಬಾಟಲಿ ಒಡೆದು ಹೋದವರನ್ನು ನೋಡಿ ಬೇಸತ್ತ ಊರುಗಳಿವೆ. ಬರಿಗಾಲಲ್ಲಿ ದೋಣಿ ನೂಕುವವರಿಗೆ ಮರಳಲ್ಲಿ ಹೂತ ಗಾಜು ಅಂದರೆ ಏನು ಅಂತ ಯೋಚಿಸಿ. ಅವರ ಬೇಡ ಅನ್ನುವ ಮಾತಿಗೆ ಕಾರಣ ಇರುತ್ತದೆ.

ಊರಿನವರ ಒಪ್ಪಿಗೆಯ ಜೊತೆಗೆ ಪಂಚಾಯಿತಿಗೂ ಒಂದು ಮಾತು ಹೇಳಿ. ದಂಡೆ ಪಕ್ಕದ ಗಾಳಿಮರದ ತೋಪು ತುಂಬಾ ಕಡೆ ಅರಣ್ಯ ಇಲಾಖೆಯದು. ಅಲ್ಲಿ ಅವರನ್ನು ಕೇಳದೆ ಇರುವಂತಿಲ್ಲ, ಬೆಂಕಿಯಂತೂ ಹಾಕುವಂತೆಯೇ ಇಲ್ಲ. ಎಲ್ಲರ ಆಧಾರ್ ಕಾರ್ಡ್ ಜೊತೆಗಿರಲಿ. 2008ರ ಮುಂಬೈ ದಾಳಿಯವರು ಕಡಲ ದಾರಿಯಲ್ಲೇ ಬಂದಿದ್ದು. ಆಮೇಲೆ ಕರಾವಳಿಯಲ್ಲಿ ಕಾವಲು ಬಿಗಿಯಾಗಿದೆ. ರಾತ್ರಿ ಪೊಲೀಸರು ಬಂದು ವಿಚಾರಿಸಿದರೆ ಅದು ಅವರ ಕೆಲಸ. ಕಾರವಾರದ ಕಡೆ ನೌಕಾನೆಲೆ ಇರುವುದರಿಂದ ಆ ಭಾಗದಲ್ಲಿ ಟೆಂಟ್ ವಿಚಾರವೇ ಬೇಡ. ಡ್ರೋನ್ ಮನೆಯಲ್ಲೇ ಇರಲಿ.

ನಿಮ್ಮ ಜೊತೆ ಸಣ್ಣ ಮಕ್ಕಳಿದ್ದಾರೆ, ಹೆಂಗಸರಿದ್ದಾರೆ. ಆದ್ದರಿಂದ ತೆರೆದ ದಂಡೆಗಿಂತ ದಂಡೆಗೆ ತಾಗಿದ ಯಾರದಾದರೂ ಮನೆಯ ಹಿತ್ತಲು ಅಥವಾ ತೋಟದ ಅಂಚು ಒಳ್ಳೆಯದು ಅನ್ನುತ್ತೇನೆ. ಶೌಚಕ್ಕೆ ಜಾಗ, ಬಾವಿ ನೀರು, ರಾತ್ರಿ ಏನಾದರೂ ಆದರೆ ಕೂಗಿದ ಕೂಡಲೇ ಎದ್ದು ಬರುವ ಜನ. ಇದಕ್ಕೆ ದುಡ್ಡು ಮೊದಲೇ ಮಾತಾಡಿ ಕೊಡಿ. ಊಟವನ್ನೂ ಅದೇ ಮನೆಯಲ್ಲಿ ಹೇಳಿಬಿಡಿ. ಜುಮ್ಮನಕಾಯಿ ಅನ್ನುವ ಮಸಾಲೆ ಹಾಕಿದ ಬಂಗಡೆ ಮೀನಿನ ಸಾರು, ಕುಚ್ಚಲಕ್ಕಿ ಅನ್ನ, ಮುರುಗಲು ಸಾರು. ಮೀನು ತಿನ್ನದವರಿಗೂ ಊಟಕ್ಕೆ ಕೊರತೆ ಆಗಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಸ್ವಲ್ಪ ಜಾಸ್ತಿ ಕಟ್ಟಿಕೊಂಡು ಹೋಗಿ ಆ ಮನೆಯವರಿಗೆ ಕೊಡಿ. ನಾನು ಪ್ರತಿ ಸಲ ಒಯ್ಯುತ್ತೇನೆ. ಈಗ ಒಂದು ಮನೆಯಲ್ಲಿ ನಾವು ಬರುತ್ತೇವೆ ಅಂದರೆ "ಚಟ್ನಿಪುಡಿ ತತ್ರಾ?" ಅಂತ ಕೇಳುತ್ತಾರೆ.

ಇನ್ನು ಎಲ್ಲಿಗೆ ಅನ್ನುವುದು. ಕುಮಟಾದಿಂದ ಹೊನ್ನಾವರದ ನಡುವಿನ ಭಾಗ ನಿಮಗೆ ಸರಿ. ಜೊತೆಗೆ ಕುಮಟಾದಿಂದ ಉತ್ತರಕ್ಕೆ, ಅಘನಾಶಿನಿ ಹೊಳೆ ಕಡಲು ಸೇರುವ ಕಡೆ ಒಂದು ದಿನ ಇಟ್ಟುಕೊಳ್ಳಿ. ಅಣೆಕಟ್ಟು ಇಲ್ಲದ ಹೊಳೆ ಅದು. ಅದರ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಜಗತ್ತಿನ ಮಟ್ಟದಲ್ಲಿ ಮಹತ್ವದ ಜೌಗು ಪ್ರದೇಶ ಅನ್ನುವ ಮನ್ನಣೆ ಸಿಕ್ಕಿತು. ಇಳಿತದ ಹೊತ್ತಲ್ಲಿ ಹೆಂಗಸರು, ಗಂಡಸರು ಸೊಂಟದ ನೀರಲ್ಲಿ ನಿಂತು ಕೆಸರಿನಿಂದ ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಹೆಕ್ಕುತ್ತಾರೆ. ಆಚೆ ಗಜನಿ ಗದ್ದೆ, ಉಪ್ಪು ನೀರು ತಡೆಯುವ ಕಗ್ಗ ಭತ್ತ ಬೆಳೆಯುವ ಜಾಗ. ಸಾಣಿಕಟ್ಟಾದಲ್ಲಿ ಉಪ್ಪಿನ ಪಾತಿಗಳು. ತದಡಿ ಬಂದರಿನಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ ಇದೆ. ನಮ್ಮ ಮಕ್ಕಳು ಭದ್ರಾ ಚಾನಲ್ ನೀರಲ್ಲಿ ಬೆಳೆದ ಭತ್ತ ನೋಡಿರುತ್ತಾರೆ. ಕಡಲ ನೀರು ಬಂದು ಹೋಗುವ ಗದ್ದೆಯ ಭತ್ತ ನೋಡಲಿ. ಟೆಂಟ್ ಹಾಕಲು ಇದೇ ಊರು ಅಂತ ಒಂದು ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಇದನ್ನು ಓದಿದವರೆಲ್ಲ ಅಲ್ಲಿಗೇ ಹೋಗುತ್ತಾರೆ, ಸಣ್ಣ ಊರು ತಡೆಯುವುದಿಲ್ಲ.

ದಾರಿ ಸುಲಭ. ಹಾವೇರಿ, ಶಿರಸಿ, ದೇವಿಮನೆ ಘಟ್ಟ ಇಳಿದು ಕುಮಟಾ. ಸುಮಾರು 220 ಕಿಲೋಮೀಟರ್. ಬಸ್ಸಾದರೆ ಶಿರಸಿಯಲ್ಲಿ ಬದಲಿಸಿ. ಘಟ್ಟದ ರಸ್ತೆಯಲ್ಲಿ ಆಗಾಗ ಕೆಲಸ ನಡೆಯುತ್ತದೆ, ಹೊರಡುವ ಹಿಂದಿನ ದಿನ ವಿಚಾರಿಸಿ. ಮುಚ್ಚಿದ್ದರೆ ಶಿವಮೊಗ್ಗ, ಸಾಗರ, ಗೇರುಸೊಪ್ಪೆ ಮೇಲೆ ಹೊನ್ನಾವರಕ್ಕೆ ಇಳಿಯಬಹುದು. ಬೆಳಗ್ಗೆ ಆರಕ್ಕೆ ಬಿಟ್ಟರೆ ಮೂರರೊಳಗೆ ನೆಮ್ಮದಿಯಾಗಿ ತಲುಪುತ್ತೀರಿ.

ಜನವರಿ ಆರಿಸಿದ್ದು ಒಳ್ಳೆಯದಾಯಿತು. ಡಿಸೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಏಪ್ರಿಲ್, ಮೇನಲ್ಲಿ ಸೆಕೆ, ಬಾವಿ ನೀರು ಕೆಲವು ಕಡೆ ಉಪ್ಪಾಗುತ್ತದೆ. ಮಳೆಗಾಲದಲ್ಲಿ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೇ ನಿಷೇಧ ಇರುತ್ತದೆ. ಮೀನು ಮರಿ ಮಾಡುವ ಕಾಲ ಅದು, ಕಡಲೂ ಅಷ್ಟೇ ಒರಟು. ದೋಣಿಯವರೇ ಇಳಿಯದ ಕಡಲಿಗೆ ನಾವು ಯಾಕೆ?

ಈಗ ಈಜು. ಇದನ್ನು ಕೇಳಲು ನಿಮಗೆ ಇಷ್ಟ ಆಗದೇ ಇರಬಹುದು, ಆದರೆ ಹೇಳಲೇಬೇಕು. ಚಾನಲ್‌ನಲ್ಲಿ, ಹೊಳೆಯಲ್ಲಿ, ಈಜುಕೊಳದಲ್ಲಿ ಕಲಿತ ಈಜು ಕಡಲಿಗೆ ಸಾಲದು. ಹರಿಹರದ ಹೊಳೆಯಲ್ಲಿ ಈಜಿದ ನಾನೂ ಕಡಲಲ್ಲಿ ಸೊಂಟದ ನೀರು ದಾಟುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲೆ ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ನೀರುಪಾಲಾದರು. ಆ ಸುದ್ದಿ ಬಂದ ದಿನ ನನಗೆ ಊಟ ಸೇರಲಿಲ್ಲ. ಒಳನಾಡಿನ ಮಕ್ಕಳು, ಕಡಲು ಹೇಗೆ ಎಳೆಯುತ್ತದೆ ಅಂತ ಯಾರಾದರೂ ಅವರಿಗೆ ತೋರಿಸಿದ್ದರೆ ಅನ್ನಿಸಿತು.

ಎಳೆಯುವುದು ಹೀಗೆ. ಅಲೆಗಳು ದಂಡೆಗೆ ನೀರು ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ವಾಪಸ್ ಹೋಗಬೇಕಲ್ವಾ? ಅದು ಒಂದು ಕಡೆ ಸೇರಿ, ಮರಳಿನ ದಿಬ್ಬಗಳ ನಡುವಿನ ಸಂದಿಯಲ್ಲಿ ಕಾಲುವೆ ಹಾಗೆ ಕಡಲ ಕಡೆಗೆ ಓಡುತ್ತದೆ. ದಂಡೆಯ ಮೇಲೆ ನಿಂತು ನೋಡಿದರೆ ಅಕ್ಕಪಕ್ಕ ಅಲೆ ಬಿಳಿಯಾಗಿ ಒಡೆಯುತ್ತಿರುತ್ತದೆ. ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯುವುದಿಲ್ಲ, ನೀರು ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಇಲ್ಲಿ ಅಲೆ ಕಡಿಮೆ ಅಂತ ಮಕ್ಕಳನ್ನು ಅಲ್ಲೇ ಇಳಿಸುತ್ತೇವೆ. ಇಳಿಸಲೇಬಾರದ ಜಾಗ ಅದು. ಜೋರಾದ ಸೆಳೆತ ಸೆಕೆಂಡಿಗೆ ಎರಡು ಮೀಟರ್ ಓಡಬಲ್ಲದು, ಎಂಥ ಈಜುಗಾರನೂ ಅದರ ಎದುರು ಈಜಲಾರ. ಸಿಕ್ಕಿಬಿದ್ದರೆ ದಂಡೆ ಕಡೆ ಈಜುವ ಹಟ ಬೇಡ. ಮೈ ಸಡಿಲ ಬಿಟ್ಟು ತೇಲಿ, ಕೈ ಎತ್ತಿ ಕೂಗಿ. ಸೆಳೆತ ನಿಮ್ಮನ್ನು ತಳಕ್ಕೆ ಎಳೆಯುವುದಿಲ್ಲ, ದೂರ ಒಯ್ಯುತ್ತದೆ ಅಷ್ಟೇ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅದರಿಂದ ಹೊರಗೆ ಬಂದ ಮೇಲೆ ಅಲೆಯ ಜೊತೆ ದಡಕ್ಕೆ ಬನ್ನಿ. ಬೇರೆಯವರು ಸಿಕ್ಕಿಬಿದ್ದರೆ ಹಿಂದೆ ಹಾರಬೇಡಿ. ಖಾಲಿ ನೀರಿನ ಕ್ಯಾನ್ ಮುಚ್ಚಳ ಹಾಕಿ ಎಸೆಯಿರಿ, ದೋಣಿಯವರನ್ನು ಕೂಗಿ. ತುರ್ತಿಗೆ 112, ಕಡಲಲ್ಲಿ ಆಪತ್ತಾದರೆ ಕೋಸ್ಟ್ ಗಾರ್ಡ್ 1554.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಕಾಲು ಕೂಡ ಇಳಿಸಬೇಡಿ. ಇಳಿತದ ಹೊತ್ತಲ್ಲಿ ಹೊಳೆ ನೀರೆಲ್ಲ ಒಟ್ಟಿಗೆ ಹೊರಗೆ ನುಗ್ಗುತ್ತದೆ. ಬಳಚು ಹೆಕ್ಕುವವರನ್ನು ನೋಡಿ ನಾವೂ ಇಳಿಯೋಣ ಅನ್ನಿಸುತ್ತದೆ. ಅವರಿಗೆ ಅಲ್ಲಿನ ನೆಲ ಅಂಗೈ ಗೆರೆಯ ಹಾಗೆ ಗೊತ್ತು. ಕರೆದುಕೊಂಡು ಹೋದರೆ ಮಾತ್ರ ಹೋಗಿ. ಮಕ್ಕಳು ಆಡಲು ಯಾವ ಜಾಗ, ಯಾವ ಹೊತ್ತು ಸರಿ ಅಂತ ಜಾಗ ತೋರಿಸಿದ ಅಜ್ಜನನ್ನೇ ಕೇಳಿ. ಆಳ ಇಲ್ಲದ ಕಡೆ ನಡೆಯುವಾಗ ಕಾಲು ಎತ್ತಿಡದೆ ಮರಳಲ್ಲಿ ಸವರುತ್ತಾ ನಡೆಯಲಿ, ತೊರಕೆ ಮೀನು ಇದ್ದರೆ ಸರಿದು ಹೋಗುತ್ತದೆ. ಅದರ ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕಾಲು ಇಟ್ಟರೆ ನೋವು ಇಳಿಯುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಿ.

ಸಾಮಾನಿನ ವಿಚಾರ ಜಾಸ್ತಿ ಇಲ್ಲ. ಟೆಂಟಿನ ಜೊತೆ ಬರುವ ಸಣ್ಣ ಗೂಟ ಮರಳಲ್ಲಿ ನಿಲ್ಲುವುದಿಲ್ಲ. ಆರು ಗಟ್ಟಿ ಚೀಲ ಒಯ್ಯಿರಿ. ಮರಳು ತುಂಬಿ, ಹಗ್ಗ ಕಟ್ಟಿ, ಮೊಳದಾಳಕ್ಕೆ ಹೂತರೆ ಅಲ್ಲಾಡುವುದಿಲ್ಲ. ಹಗಲು ಗಾಳಿ ಕಡಲಿಂದ ಬರುತ್ತದೆ, ರಾತ್ರಿ ನೆಲದಿಂದ ಕಡಲಿಗೆ ತಿರುಗುತ್ತದೆ, ಹಾಗಾಗಿ ಎರಡೂ ಕಡೆ ಕಿಟಕಿ ಇರುವ ಟೆಂಟ್ ಒಳ್ಳೆಯದು. ಜನವರಿಯಲ್ಲಿ ಮಂಜು ಬೀಳುತ್ತದೆ, ಮೇಲಿನ ಹೊದಿಕೆ ಬಿಚ್ಚಬೇಡಿ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್ ಲೆಕ್ಕ ಹಾಕಿ 20 ಲೀಟರಿನ ಕ್ಯಾನ್‌ಗಳಲ್ಲಿ ತುಂಬಿಕೊಳ್ಳಿ. ಸೊಳ್ಳೆಗೆ ಏನಾದರೂ ಇರಲಿ. ಮನೆಗೆ ಬಂದ ಮೇಲೆ ಟೆಂಟ್, ಜಿಪ್ ಎಲ್ಲ ಸಿಹಿ ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಉಪ್ಪಿಗೆ ಜಿಪ್ ಕಚ್ಚಿಕೊಳ್ಳುತ್ತದೆ. ಕಸ ಒಂದು ಕಾಗದ ಬಿಡದೆ ವಾಪಸ್ ತನ್ನಿ. ದಂಡೆಯಲ್ಲಿ ಬಿಟ್ಟ ಪ್ಲಾಸ್ಟಿಕ್ ಉಬ್ಬರಕ್ಕೆ ಹೋಗಿ, ನಾಳೆ ಅದೇ ಅಜ್ಜನ ಬಲೆಗೆ ಬರುತ್ತದೆ.

ಇನ್ನೊಂದು ವಿಷಯ ಬೆಂಕಿ ಮತ್ತು ದೀಪ. ನೀವು ಹೋಗುವ ಕಾಲದಲ್ಲೇ ಆಲಿವ್ ರಿಡ್ಲಿ ಕಡಲಾಮೆಗಳು ಈ ದಂಡೆಗಳಿಗೆ ಬಂದು ಮೊಟ್ಟೆ ಇಡುತ್ತವೆ. ಹೊನ್ನಾವರದ ಕಾಸರಕೋಡು ಕಡೆ ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬೇಲಿ ಕಟ್ಟಿ ಕಾಯುತ್ತಾರೆ. ಸುಮಾರು 50 ದಿನಕ್ಕೆ ಮರಿ ಹೊರಬಂದು, ಬೆಳಕು ಕಾಣುವ ಕಡೆಗೆ ಓಡುತ್ತದೆ. ಸಹಜವಾಗಿ ರಾತ್ರಿ ಕಡಲ ಮೇಲೆಯೇ ಬೆಳಕು ಜಾಸ್ತಿ. ನಾವು ದಂಡೆಯಲ್ಲಿ ದೀಪ ಉರಿಸಿದರೆ ಮರಿ ತಿರುಗಿ ನಮ್ಮ ಕಡೆ ಬರುತ್ತದೆ. ಬೆಳಗಾಗುವಷ್ಟರಲ್ಲಿ ನಾಯಿ, ಕಾಗೆ ತಿಂದು ಮುಗಿಸುತ್ತವೆ. ದಂಡೆಯಲ್ಲಿ ಬೆಂಕಿ ಬೇಡ, ಬ್ಯಾಟರಿಗೆ ಕೆಂಪು ಕಾಗದ ಸುತ್ತಿ ನೆಲಕ್ಕೆ ಹಿಡಿಯಿರಿ. ಆಮೆ ಕಂಡರೆ ದೂರ ಕೂತು ನೋಡಿ. ಮುಟ್ಟುವುದು, ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಎರಡನೇ ದಿನ ಬೆಳಗ್ಗೆ ಮಕ್ಕಳನ್ನು ಐದೂವರೆಗೆ ಎಬ್ಬಿಸಿ. ಅದೃಷ್ಟ ಇದ್ದರೆ ಆ ಊರಲ್ಲಿ ಕೈರಂಪಣಿ ಬಲೆ ಎಳೆಯುವುದು ನೋಡಲು ಸಿಗುತ್ತದೆ. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಾರೆ. ಆಮೇಲೆ ಎರಡು ತುದಿಯ ಹಗ್ಗವನ್ನು ದಂಡೆಯಲ್ಲಿ ನಿಂತು ಎರಡು ಸಾಲಾಗಿ ಎಳೆಯುತ್ತಾರೆ. ಮೊದಲು ಬರೀ ಒದ್ದೆ ಹಗ್ಗ ಬರುತ್ತದೆ. ತುಂಬಾ ಹೊತ್ತು ಏನೂ ಕಾಣುವುದಿಲ್ಲ. ಕೊನೆಗೆ ಬಲೆಯ ಚೀಲ ಹತ್ತಿರ ಬಂದಾಗ ನೀರು ಕುದಿಯುವ ಹಾಗೆ ಅಲ್ಲಾಡುತ್ತದೆ. ಆಮೇಲೆ ಬೆಳ್ಳಿ ಚೆಲ್ಲಿದ ಹಾಗೆ ಮೀನು. ಕೈ ಹಾಕಿ ಅಂತ ಕರೆದರೆ ಹೋಗಿ ಹಗ್ಗ ಹಿಡಿಯಿರಿ, ಮಕ್ಕಳೂ ಹಿಡಿಯಲಿ. ಕರೆಯದಿದ್ದರೆ ದಾರಿ ಬಿಟ್ಟು ನಿಂತು ನೋಡಿ. ಎಳೆದವರಿಗೆಲ್ಲ ಪಾಲು ಕೊಡುವುದು ಅಲ್ಲಿನ ರೂಢಿ. ನಿಮಗೂ ನಾಲ್ಕು ತಾರ್ಲೆ ಕೊಡಲು ಬರುತ್ತಾರೆ. ದುಡ್ಡು ತೆಗೆಯಬೇಡಿ, ಆ ಹೊತ್ತಿಗೆ ಅದು ಸರಿ ಕಾಣುವುದಿಲ್ಲ. ಮೀನು ಹಾಕಿಸಿಕೊಳ್ಳಲು ಒಂದು ಸ್ಟೀಲ್ ಡಬ್ಬಿ ಟೆಂಟಿನ ಬಾಗಿಲಲ್ಲೇ ಇಟ್ಟುಕೊಂಡು ಮಲಗಿ.